ಹಾಡಿದವನು, ಆಡಿದವನು

ಹೊಸ ಹೆದ್ದಾರಿ ನಮ್ಮ ಮದ್ದೂರನ್ನು ಮುಟ್ಟದೆ ಮೈಸೂರು ಸೇರತೊಡಗಿದ ಮೇಲೆ ಬಂದ ಎರಡನೆಯ ಬೇಸಿಗೆಯ ಮಾತು. ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ಅಂದು ನಡೆದದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ, ಪೊಲೀಸರು ಬರಲಿಲ್ಲ, ಪೇಪರಿನಲ್ಲಿ ಬರುವಂಥದ್ದೂ ಏನಿರಲಿಲ್ಲ. ಆದರೂ ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾನು ವೃತ್ತಿಯಿಂದ ನಾಟಕದ ಮೇಷ್ಟ್ರು. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಹಳ್ಳಿಯವರು ಸೇರಿ ಪೌರಾಣಿಕ ನಾಟಕ ಆಡುತ್ತೇವೆಂದು ಹೊರಟರೆ ಅವರಿಗೆ ಪಾರ್ಟು ಹಂಚಿ, ಮಾತು ಬಾಯಿಪಾಠ ಮಾಡಿಸಿ, ಕಂದಪದ್ಯಗಳಿಗೆ ರಾಗ ಹಾಕಿಕೊಟ್ಟು, ನಾಟಕದ ದಿನ ರಂಗದ ಪಕ್ಕದಲ್ಲಿ ಕೂತು ಬೆಳಗಾಗುವ ತನಕ ಕಾಲು ಹಾರ್ಮೋನಿಯಂ ತುಳಿಯುವ ಪ್ರಾಣಿಯೇ ಮೇಷ್ಟ್ರು.

ನನ್ನ ಅರ್ಧ ಆಯಸ್ಸು ಸವೆದದ್ದು ಒಂದೇ ಒಂದು ಅಕ್ಷರದ ಸೇವೆಯಲ್ಲಿ. ಅದು ಹಕಾರ. ನಮ್ಮ ಕಡೆ ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಹುಡುಗಿ ಉಡುಗಿಯಾಗುತ್ತಾಳೆ. ‘ಹಾಡಿದ’ ಅನ್ನುವುದಕ್ಕೂ ‘ಆಡ್ದ’, ‘ಆಡಿದ’ ಅನ್ನುವುದಕ್ಕೂ ‘ಆಡ್ದ’. ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಕಿರೀಟ ಹಾಕಿಕೊಂಡು ಸಿಂಹಾಸನದಲ್ಲಿ ಕೂತವನು ಮೀಸೆ ತಿರುವುತ್ತ “ಆ ಆ ಆ!” ಎಂದು ಅಟ್ಟಹಾಸ ಮಾಡಿದರೆ ಜನ ಹಲ್ಲುನೋವು ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ಎಲ್ಲರನ್ನೂ ಸಾಲಾಗಿ ಕೂರಿಸಿ, “ಎದೆಯಿಂದ ಉಸಿರು ಬಿಡ್ರಪ್ಪಾ, ಹಾ, ಹಾ” ಎಂದು ಡಾಕ್ಟರಂತೆ ಪರೀಕ್ಷೆ ಮಾಡುತ್ತಿದ್ದೆ.

ಹೀಗೆ ನಾಡುನುಡಿಯ ಸೇವೆ ನಡೆಯುತ್ತಿರುವಾಗ ನನ್ನ ಮಂಡಿಗಳು ರಾಜೀನಾಮೆ ಕೊಟ್ಟವು. ರಾತ್ರಿಯಿಡೀ ಹಾರ್ಮೋನಿಯಂ ತುಳಿಯುವುದು ಸಾಧ್ಯವಿಲ್ಲ ಎಂದಾಯಿತು. ಕೈಗಳು ಮಾತ್ರ ಇನ್ನೂ ಸರ್ವೀಸಿನಲ್ಲಿದ್ದವು. ಆದ್ದರಿಂದ ಒಂದು ಕೀಬೋರ್ಡ್ ತೆಗೆದುಕೊಂಡು, ಮದ್ದೂರಿನಿಂದ ಗೆಜ್ಜಲಗೆರೆ ಕಡೆಗೆ ಹೋಗುವ ಹಳೆಯ ರಸ್ತೆಯ ಪಕ್ಕದ ಒಂದು ಬಾರಿನಲ್ಲಿ ನುಡಿಸಲು ಕೂತೆ. ಬಾರಿನ ಹೆಸರು ಬೇಡ. ಅದರ ಓನರು ಈಗಲೂ ಎದುರು ಸಿಕ್ಕರೆ ಗಾಡಿ ನಿಲ್ಲಿಸಿ ನಮಸ್ಕಾರ ಹೇಳುವ ಮನುಷ್ಯ.

ನಮ್ಮದು ಮೂರು ಜನರ ತಂಡ. ನಾನು ಅದಕ್ಕೆ ‘ನಾದಕಲ್ಪ ವಾದ್ಯವೃಂದ’ ಎಂದು ನಾಮಕರಣ ಮಾಡಿದ್ದೆ. ಬಾರಿನ ಹೊರಗಿನ ಬೋರ್ಡಿನಲ್ಲಿ ಮಾತ್ರ ‘ಎ.ಸಿ., ಲೈವ್ ಮ್ಯೂಸಿಕ್, ಪಾರ್ಕಿಂಗ್’ ಎಂದು ಬರೆಸಿದ್ದರು. ತಂಪುಗಾಳಿಗೂ ಗಾಡಿ ನಿಲ್ಲಿಸುವ ಜಾಗಕ್ಕೂ ನಡುವೆ ನಮಗೊಂದು ಸ್ಥಾನ ಸಿಕ್ಕಿತ್ತು.

ರಿದಂ ಪ್ಯಾಡ್ ಬಾರಿಸುತ್ತಿದ್ದವನು ನಯಾಜ್. ಮದ್ದೂರಿನಲ್ಲಿ ಬೈಕ್ ಮೆಕ್ಯಾನಿಕ್. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದ. ಹಾಡಿನ ತಾಳ ತಪ್ಪಿದರೂ ಅದೇ ಮುಖ ಮಾಡುತ್ತಿದ್ದ. ಹಾಡುತ್ತಿದ್ದವನು ಕೆಂಪರಾಜು. ಬೆಳಕವಾಡಿಯ ಹುಡುಗ, ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಶಿಫ್ಟ್ ಮುಗಿಸಿ ಕಂಪನಿಯ ಟೀ ಶರ್ಟಿನಲ್ಲೇ ಬಂದು, ಹಿಂದಿನ ಕೈತೊಳೆಯುವ ನಲ್ಲಿಯಲ್ಲಿ ಮುಖ ತೊಳೆದು, ಜರಿ ಅಂಚಿನ ಜುಬ್ಬ ಹಾಕಿಕೊಂಡು ಮೈಕ್ ಹಿಡಿಯುತ್ತಿದ್ದ. ಮಾತಾಡುವಾಗ ಅವನ ಬಾಯಲ್ಲಿ ಒಂದು ಹಕಾರವೂ ಇರುತ್ತಿರಲಿಲ್ಲ. ಹಾಡಲು ನಿಂತರೆ ಅಷ್ಟೂ ಹಕಾರಗಳು ಎಲ್ಲಿಂದಲೋ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ನಾನು ಜೀವಮಾನವಿಡೀ ಹೇಳಿಕೊಟ್ಟವರಿಗೆ ಬಾರದ್ದು, ನಾನು ಹೇಳಿಕೊಡದೇ ಇದ್ದ ಇವನಿಗೆ ಬಂದಿತ್ತು.

ಬಾರಿನ ಸಂಗೀತಕ್ಕೂ ಶಾಸ್ತ್ರವಿದೆ. ಮೊದಲ ಪೆಗ್ಗಿಗೆ ಕುಣಿತದ ಹಾಡು, ಎರಡನೆಯದಕ್ಕೆ ಪ್ರೇಮಭಂಗ, ಮೂರನೆಯದಕ್ಕೆ ತಾಯಿಯ ಹಾಡು. ಮನೆಯಲ್ಲಿ ತಾಯಿಗೆ ಒಂದು ಲೋಟ ನೀರು ಕೊಡದವರು ಕೂಡ ಇಲ್ಲಿ ತಾಯಿಯ ಹಾಡಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನು ಅದನ್ನೂ ಒಂದು ಬಗೆಯ ಪುಣ್ಯಕಾರ್ಯವೆಂದೇ ಎಣಿಸಿದ್ದೆ.

ಹೊಸ ರಸ್ತೆಯಾದ ಮೇಲೆ ಕಾರಿನವರು ಬರುವುದು ನಿಂತಿತು. ಸಂಸಾರ ಸಮೇತ ಬಂದು ಒಳಗಿನ ಎ.ಸಿ. ಕೋಣೆಯಲ್ಲಿ ಕೂತು ಹಳೆಯ ಹಾಡು ಕೇಳುತ್ತಿದ್ದ ಗಿರಾಕಿಗಳು ಮೈಸೂರಿಗೆ ನೆಟ್ಟಗೆ ಹೋಗತೊಡಗಿದರು. ಉಳಿದವರು ಅಕ್ಕಪಕ್ಕದವರು, ಫ್ಯಾಕ್ಟರಿಯವರು. ಅವರನ್ನು ಹಿಡಿದಿಟ್ಟುಕೊಳ್ಳಲು ಓನರು ಬಾಗಿಲಗಲದ ಒಂದು ಟಿವಿ ತಂದರು. ನಾವು ನುಡಿಸುತ್ತಿದ್ದ ಹೊರಗಿನ ತಗಡಿನ ಚಪ್ಪರದ ಗಾರ್ಡನ್ನಿಗೆ ಇದ್ದದ್ದು ಒಂದೇ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟೇ ನಮ್ಮ ಸ್ಟೇಜು. ಟಿವಿಯನ್ನು ತಂದು ನಮ್ಮ ತಲೆಯ ಮೇಲೆ, ವಿಗ್ರಹದ ಹಿಂದೆ ಪ್ರಭಾವಳಿ ಇರುವ ಹಾಗೆ, ನೇತುಹಾಕಿದರು.

“ಮೇಷ್ಟ್ರೇ, ನೀವು ತೆಪ್ ತಿಳ್ಕೊಬ್ಯಾಡಿ,” ಅಂದರು ಓನರು. “ಟಿವಿ ಸೌಂಡ್ ಪೂರ್ತಿ ಬಂದ್ ಮಾಡ್ತೀನಿ. ಕಣ್ಣಿಗೆ ಮ್ಯಾಚು, ಕಿವಿಗೆ ನೀವು. ಗಿರಾಕಿಗೂ ಎರಡೂ ಸಿಕ್ತು, ನಿಮ್ ಕೆಲ್ಸಾನೂ ಉಳೀತು. ಎಂಗೆ?”

ಇದಕ್ಕಿಂತ ನ್ಯಾಯವಾದ ಹಂಚಿಕೆಯನ್ನು ಧರ್ಮರಾಯನೂ ಮಾಡಲಾರ ಎಂದು ನಾನು ಒಪ್ಪಿಕೊಂಡೆ. ಅಂದಿನಿಂದ ಜನ ನಮ್ಮ ಕಡೆಗೇ ಮುಖ ಮಾಡಿ ಕೂರತೊಡಗಿದರು. ಆದರೆ ನೋಟ ನಮ್ಮ ತಲೆಯಿಂದ ಒಂದು ಮೊಳ ಮೇಲೆ.

“ಅರೇ ಮೇಷ್ಟ್ರೇ,” ಅಂದ ನಯಾಜ್, “ಇವ್ರು ನಮ್ ಕಡೆ ನೋಡೋ ಥರ ಮನೇಲಿ ನನ್ ಬೀವಿನೂ ನೋಡಲ್ಲ. ಏನ್ ಭಕ್ತಿ ಅಂತೀರಿ!”

ಈ ಹೊತ್ತಿಗೆ ಕೆಂಪರಾಜುವಿಗೆ ಮಳವಳ್ಳಿಯ ಹೆಣ್ಣು ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸುವ ಸಮಯ ಬಂದಾಗ ಒಂದು ದಿನ ಅವನು ನನ್ನ ಹತ್ತಿರ ಬಂದು ಕೂತ.

“ಮೇಷ್ಟ್ರೆ, ಅವಳೆಸ್ರ ಪಕ್ಕ ಬ್ರಾಕೆಟ್ನಲ್ಲಿ ಬಿ.ಎಸ್ಸಿ., ಬಿ.ಎಡ್. ಅಂತ ಬತ್ತದೆ. ನನ್ನೆಸ್ರ ಪಕ್ಕ ಏನ್ ಬತ್ತದೆ? ಪ್ಯಾಕಿಂಗಾ?”

“ನಿನಗೇನು ಬೇಕು?”

ಅವನು ನೆಲ ನೋಡಿಕೊಂಡು, “ಗಾಯಕರು ಅಂತ ಆಕ್ಸವಾ ಅಂತ,” ಅಂದ. ಆಮೇಲೆ ತಾನೇ ನಾಚಿಕೊಂಡು, “ಅವ್ಳೂ ಫೋನಲ್ಲಿ ಅದ್ನೇ ಅಂದ್ಲು. ನೀವು ಆಡ್ತೀರಲ್ಲ, ಅದ್ನೇ ಆಕ್ಸಿ ಅಂತ. ಆದ್ರೆ ಅಪ್ಪ ಒಪ್ತಿಲ್ಲ,” ಎಂದ.

ಅವನ ಅಪ್ಪ ನನಗೆ ಹೊಸಬರಲ್ಲ. ಬೆಳಕವಾಡಿಯ ಬೋರೇಗೌಡರು. ಎಷ್ಟೋ ವರ್ಷ ಗದೆ ಹಿಡಿಯುವ ಪಾರ್ಟನ್ನೇ ಮಾಡಿ, ಊರವರಿಂದ ‘ಗದೆ ಬೋರೇಗೌಡ’ ಎಂದು ಕರೆಸಿಕೊಂಡವರು. ಅವರಿಗೆ ಪಾಠ ಹೇಳಿಕೊಟ್ಟವನು ನಾನೇ. ಆ ಸಲಿಗೆಯಿಂದ ಕೆಂಪರಾಜುವಿನ ಬೈಕಿನ ಹಿಂದೆ ಕೂತು, ಮಂಡಿಗಳ ಶಾಪ ಹೊತ್ತುಕೊಂಡು, ರಾಜಿಗೆ ಹೋದೆ.

“ಬ್ರಾಂದಿ ಅಂಗ್ಡೀಲಿ ಆಡೋದ್ನೆಲ್ಲ ಲಗ್ನಪತ್ರಿಕೇಲಿ ಆಕ್ಸಕ್ಕಾಯ್ತದಾ ಮೇಷ್ಟ್ರೆ?” ಅಂದರು ಗೌಡರು. “ಬೀಗ್ರು ಓದ್ಕಂಡು ಏನಂದಾರು?”

“ಹಾಡುಗಾರಿಕೆ ಎಲ್ಲಿದ್ದರೂ ಹಾಡುಗಾರಿಕೆಯೇ ಗೌಡರೇ.”

“ಅಂಗಲ್ಲ ಕಣಿ. ನಾ ಗದೆ ಇಡ್ಕಂಡು ನಿಂತ್ರೆ ಅಳ್ಳಿಗ್ ಅಳ್ಳಿನೇ ಒನ್ಸ್ ಮೋರ್ ಅಂತಿತ್ತು. ನಿಮ್ಗೇ ಗೊತ್ತು. ಇವನ್ ಆಡಿದ್ದ ಯಾವನಾದ್ರೂ ಕೇಳವ್ನಾ? ಕುಡ್ಯೋರ್ಗೆ ಕಿವಿ ಎಲ್ಲಿರ್ತದೆ?”

ಒಳಗಿನಿಂದ ಕೆಂಪರಾಜುವಿನ ತಾಯಿಯ ದನಿ ಬಂತು: “ಗದೆ ಇಡ್ದು ಇಡ್ದು ಗದ್ದೆ ಮರ್ತಿದ್ದೋರು, ಈಗ ಮಗನ್ಗೆ ಬುದ್ಧಿ ಯೋಳಕ್ ಬಂದವ್ರೆ!”

“ನೀ ಸುಮ್ಕಿರಮ್ಮಿ!”

“ನೀನೊಂದ್ಸಲ ಬಂದು ಕೇಳಪ್ಪ,” ಅಂದ ಕೆಂಪರಾಜು. “ಕೇಳ್ದೇನೆ ಮಾತಾಡ್ಬ್ಯಾಡ.”

ಗೌಡರು ಹೆಗಲ ಮೇಲಿನ ಟವೆಲ್ಲನ್ನು ಕೊಡವಿದರು. ಗದೆ ಎತ್ತುವ ಮೊದಲು ಅವರು ಹೀಗೇ ಮಾಡುತ್ತಿದ್ದರು. “ಬತ್ತೀನಿ ಕಣ್ಲಾ. ನಾನೇ ಬತ್ತೀನಿ. ಒಂದೇ ಒಂದು ಒನ್ಸ್ ಮೋರ್ ಬೀಳ್ಲಿ, ಗಾಯಕರು ಅಂತ ದಪ್ಪಕ್ಸರದಲ್ಲಿ ನಾನೇ ನಿಂತು ಆಕ್ಸ್ತೀನಿ. ಬೀಳ್ನಿಲ್ವಾ, ಬಾಯ್ ಮುಚ್ಕಂಡು ಕಂಪ್ನಿ ಎಸ್ರು ಆಕ್ಸು.”

ಒನ್ಸ್ ಮೋರ್ ಎಂಬುದರ ಮಹಿಮೆಯನ್ನು ಇಲ್ಲಿ ಹೇಳಲೇಬೇಕು. ನಮ್ಮ ನಾಟಕಗಳಲ್ಲಿ ಕಂದಪದ್ಯ ರಂಜಿಸಿದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಾರೆ. ಕೂಗು ಬಿದ್ದ ಮೇಲೆ ಪಾತ್ರಧಾರಿ ಮೇಷ್ಟ್ರ ಮುಖ ನೋಡುತ್ತಾನೆ, ಮೇಷ್ಟ್ರು ಮೊದಲ ಸಾಲಿಗೆ ಹಿಂದಿರುಗುತ್ತಾರೆ. ಅದು ಕಾನೂನು. ಯುದ್ಧದಲ್ಲಿ ಸತ್ತು ಬಿದ್ದವನಾದರೂ ಸರಿಯೇ, ಒನ್ಸ್ ಮೋರ್ ಬಿದ್ದರೆ ಎದ್ದು, ಬಟ್ಟೆ ಕೊಡವಿಕೊಂಡು, ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕು. ಇದನ್ನು ಬೋರೇಗೌಡರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಗನ ಬದುಕಿನ ತೀರ್ಪನ್ನು ಅವರು ತಮಗೆ ಗೊತ್ತಿದ್ದ ಒಂದೇ ನ್ಯಾಯಾಲಯಕ್ಕೆ ಒಪ್ಪಿಸಿದ್ದರು.

ಭಾನುವಾರವೆಂದು ನಿಗದಿಯಾಯಿತು. ಕೆಂಪರಾಜುವಿಗೆ ಅಂದೇ ರಜೆ. ಅಂದೇ ಮಧ್ಯಾಹ್ನ ನಮ್ಮ ರಾಜ್ಯದ ತಂಡದ ಕ್ರಿಕೆಟ್ ಮ್ಯಾಚು ಕೂಡ ಇತ್ತು.

“ಬೇರೆ ದಿನ ಕರೆಸೋಣ ಮೇಷ್ಟ್ರೇ,” ಅಂದ ನಯಾಜ್, ಭಾನುವಾರ ಬೆಳಗ್ಗೆ. “ಇವತ್ತು ಜನ ನಮ್ ಕೈಗೆ ಸಿಗಲ್ಲ.”

“ನಾಳೆ ಕಾರ್ಡು ಪ್ರೆಸ್ಸಿಗೆ ಕೊಡ್ಬೇಕು ಕಣಣ್ಣ,” ಅಂದ ಕೆಂಪರಾಜು. “ಮ್ಯಾಚಿದ್ರೆ ಜನ ಜಾಸ್ತಿ ಸೇರ್ತರೆ. ಅಪ್ಪಂಗೆ ಜನ ಕಾಣ್ಬೇಕು.”

ಜನ ನಿಜಕ್ಕೂ ಸೇರಿದ್ದರು. ಒಂದು ಕುರ್ಚಿ ಖಾಲಿಯಿರಲಿಲ್ಲ. ಬೋರೇಗೌಡರು ಬಸ್ಸಿಳಿದು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಈ ಅಲಂಕಾರದಲ್ಲಿ ಒಳಗೆ ಬಂದರು. ಓನರು ತಾವೇ ಮುಂದಿನ ಟೇಬಲ್ಲಿಗೆ ಕರೆದುಕೊಂಡು ಬಂದು ಕೂರಿಸಿದರು. ಅವರು ಒಂದು ನಿಂಬೆಹಣ್ಣಿನ ಸೋಡ ತರಿಸಿಕೊಂಡು, ಅದನ್ನೂ ಮುಟ್ಟದೆ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಹೆಣ್ಣು ನೋಡಲು ಬಂದವರಂತೆ ಕೂತರು.

ಕೆಂಪರಾಜು ಮೊದಲನೆಯ ಹಾಡು ಹಾಡಿದ. ಅದು ಮುಗಿಯುವವರೆಗೂ ಗೌಡರ ಕಣ್ಣು ಮಗನ ಮೇಲೆಯೇ ಇತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಇದು ಬೇಕಾಗುತ್ತದೆ. ಹಾಡು ಮುಗಿದಾಗ ನಾಲ್ಕಾರು ಚಪ್ಪಾಳೆ ಬಿದ್ದವು.

“ಬೌಂಡ್ರಿ ಇರ್ಬೇಕು,” ಅಂದ ನಯಾಜ್ ಮೆಲ್ಲಗೆ. ಟಿವಿ ನಮ್ಮ ನೆತ್ತಿಯ ಮೇಲಿದ್ದದ್ದರಿಂದ ಅದರಲ್ಲಿ ಏನಾಗುತ್ತಿದೆಯೆಂದು ನಮ್ಮ ಮೂವರಿಗೂ ಕಾಣುತ್ತಿರಲಿಲ್ಲ. ಸದ್ದಂತೂ ಇರಲೇ ಇಲ್ಲ.

“ಅಪಶಕುನ ನುಡಿಯಬೇಡ,” ಅಂದೆ.

ಎರಡನೆಯದು ಕೆಂಪರಾಜು ಬಹಳ ದಿನದಿಂದ ಎತ್ತಿಟ್ಟುಕೊಂಡಿದ್ದ ಹಾಡು. ಹಳೆಯದು, ನಿಧಾನದ್ದು, ಬಾರಿನಲ್ಲಿ ಯಾರೂ ಕೇಳದಂಥದ್ದು. ಅದರ ಚರಣದಲ್ಲಿ ಒಂದು ಕಡೆ ಸ್ವರ ಮೇಲೇರಿ ಅಲ್ಲೇ ನಿಂತುಬಿಡುತ್ತದೆ. ಉಸಿರಿದ್ದಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಮೆಲ್ಲಗೆ ಇಳಿಯಬೇಕು. ಅಭ್ಯಾಸದಲ್ಲಿ ಅದು ಒಮ್ಮೊಮ್ಮೆ ಒಡೆಯುತ್ತಿತ್ತು. ಅಂದು ಒಡೆಯಲಿಲ್ಲ. ಸ್ವರ ಹೋಗಿ ಮೇಲೆ ನಿಂತಿತು. ನಾನು ಕೀಬೋರ್ಡಿನಿಂದ ಕೈ ಎತ್ತಿಬಿಟ್ಟೆ. ಅವನಿಗೆ ನನ್ನ ಆಸರೆ ಬೇಕಾಗಿರಲಿಲ್ಲ.

ಆಗ ಸಭೆಯ ಕಡೆ ನೋಡಿದೆ. ಅಂಥ ಸಭೆಯನ್ನು ನಾನು ಯಾವ ನಾಟಕದಲ್ಲೂ ಕಂಡಿರಲಿಲ್ಲ. ಇಡೀ ಗಾರ್ಡನ್ ಸ್ತಬ್ಧ. ಎಲ್ಲರ ಬಾಯಿಯೂ ಅರ್ಧ ತೆರೆದಿತ್ತು. ಒಬ್ಬನ ಗ್ಲಾಸು ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತ್ತು. ಸಪ್ಲೈಯರ್ ತಟ್ಟೆ ಹಿಡಿದುಕೊಂಡು ಕಲ್ಲಾಗಿದ್ದ. ಬೋರೇಗೌಡರು ಕುರ್ಚಿಯಿಂದ ಅರ್ಧ ಎದ್ದು, ಟವೆಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಸ್ವರ ಮೆಲ್ಲಗೆ ಇಳಿಯಿತು. ಇಳಿದು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಇಡೀ ಚಪ್ಪರ ಹಾರಿಹೋಗುವಂತೆ ಕೂಗು ಎದ್ದಿತು. ಆ ಕೂಗಿನ ಮೇಲೆ, ಮೈಕಿಲ್ಲದೆ ಮೂರು ಊರಿಗೆ ಕೇಳುತ್ತಿದ್ದ ಆ ಗದೆಯ ಕಂಠ:

“ಏನ್ ಆಡ್ದಾ ಕಣ್ಲಾ! ಒನ್ಸ್ ಮೋರ್!”

ಹಿಂದಿನಿಂದ ಉಳಿದವರೂ ಹಿಡಿದುಕೊಂಡರು. “ಒನ್ಸ್ ಮೋರ್! ಒನ್ಸ್ ಮೋರ್!”

ಕೆಂಪರಾಜು ಎರಡು ಕೈ ಜೋಡಿಸಿ ಅಪ್ಪನ ಕಡೆ ತಲೆ ಬಾಗಿದ. ಅವನ ಕಣ್ಣು ತುಂಬಿತ್ತು. ಆಮೇಲೆ ಮುಖ ಅರಳಿಸಿ ನಕ್ಕು ನನ್ನ ಕಡೆ ನೋಡಿದ, ಅವನ ಅಪ್ಪ ಎಷ್ಟೋ ಸಲ ನೋಡುತ್ತಿದ್ದ ಹಾಗೆಯೇ. ನನ್ನ ಬೆರಳುಗಳು ನನ್ನನ್ನು ಕೇಳದೆ ಚರಣದ ಮೊದಲಿಗೆ ಹೋದವು. ನಯಾಜ್ ಮಾತ್ರ ನನ್ನ ಕಡೆ ವಾಲಿ, “ಮೇಷ್ಟ್ರೇ, ನನಗ್ಯಾಕೋ…” ಅಂದ. “ಸುಮ್ಮನೆ ಬಾರಿಸಯ್ಯ,” ಅಂದೆ.

ಎರಡನೆಯ ಸಲ ಅವನು ಇನ್ನೂ ಚೆನ್ನಾಗಿ ಹಾಡಿದ. ಈ ಮಾತಿಗೆ ನಾನು ಮತ್ತು ನಯಾಜ್ ಇಬ್ಬರೇ ಸಾಕ್ಷಿ. ಸ್ವರ ಮತ್ತೆ ಮೇಲೇರಿ ನಿಂತಿತು. ನಿಂತಿರುವಾಗಲೇ ಇಡೀ ಸಭೆ, “ಅಯ್ಯಯ್ಯೋ!” ಎಂದು ತಲೆಯ ಮೇಲೆ ಕೈ ಹೊತ್ತುಕೊಂಡಿತು. ಮಧ್ಯದ ಟೇಬಲ್ಲಿನಿಂದ ಹಳದಿ ಅಂಗಿಯವನೊಬ್ಬ ಎದ್ದು, ಕಡಲೆಬೀಜದ ತಟ್ಟೆಯನ್ನು ಸ್ಟೇಜಿನ ಕಡೆ ಬೀಸಿದ.

“ಥೂ, ನಿಲ್ಸಲೇ ನಿನ್ ರಾಗಾನ! ಸಂದಾಗಿ ಆಡ್ತಿದ್ದೋನ್ನ ಔಟ್ ಮಾಡ್ಸ್‌ಬುಟ್ಟಲ್ಲೋ!”

ಕೆಂಪರಾಜುವಿಗೆ ಅರ್ಥವಾಗಲಿಲ್ಲ. ಬಾಯಿಯ ಮುಂದೆ ಮೈಕು ಇತ್ತು. ಇಡೀ ಗಾರ್ಡನ್ನಿಗೆ ಕೇಳುವಂತೆ, ಬಹಳ ಮರ್ಯಾದೆಯಿಂದ, “ನೀವೇ ತಾನೇ ಅಣ್ಣ, ಒನ್ಸ್ ಮೋರ್ ಅಂದಿದ್ದು?” ಎಂದು ಕೇಳಿಬಿಟ್ಟ.

ಹಳದಿ ಅಂಗಿಯವನು ಅಕ್ಕಪಕ್ಕದವರ ಮುಖ ನೋಡಿದ.

“ನಿನ್ಗೆ ಯಾವನ್ಲಾ ಅಂದ? ಮೇಲ್ ನೋಡು, ಮೇಲೆ! ಅವನ್ಗೆ ಕಣಪ್ಪೋ! ಇನ್ನೊಂದ್ ಸಿಕ್ಸ್ ಒಡೀಲಿ ಅಂದ್ರೆ ನೀನ್ಯಾಕ್ಲಾ ಅಡ್ಡ ಬಾಯಿ ಆಕ್ದೆ?”

ಆಗ ಎದ್ದ ನಗೆ ಇದೆಯಲ್ಲ, ಸಿಕ್ಸಿಗೂ ಅಷ್ಟು ಜೋರಾದ ಸದ್ದು ಬಂದಿರಲಿಲ್ಲ. ಹಿಂದಿನ ಟೇಬಲ್ಲಿನಿಂದ ಯಾರೋ “ಗಾಯಕ್ರಿಗೆ ಒನ್ಸ್ ಮೋರ್!” ಎಂದರು. ಇನ್ಯಾರೋ “ಟೂ ಮೋರ್!” ಎಂದರು. ಕೆಂಪರಾಜು ಮೆಲ್ಲಗೆ ತಿರುಗಿ, ಆವತ್ತು ಮೊದಲ ಸಲ, ತಲೆ ಎತ್ತಿ ಗೋಡೆ ನೋಡಿದ. ನಾನೂ ನೋಡಿದೆ. ಪರದೆಯ ಮೇಲೆ ಒಬ್ಬ ಆಟಗಾರ ಬ್ಯಾಟು ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿ ಹೊರಗೆ ನಡೆಯುತ್ತಿದ್ದ.

ಆಮೇಲೆ ಗೊತ್ತಾಯಿತು. ಕೆಂಪರಾಜುವಿನ ಸ್ವರ ಮೇಲೆ ನಿಂತಿದ್ದಾಗ ಅಲ್ಲಿ ಚೆಂಡೂ ಮೇಲೆ ನಿಂತಿತ್ತಂತೆ. ಕ್ಯಾಚೋ ಸಿಕ್ಸೋ ಎಂದು ಇಡೀ ಸಭೆ ಉಸಿರು ಹಿಡಿದಿತ್ತಂತೆ. ಸಿಕ್ಸಿಗೆ ಒನ್ಸ್ ಮೋರ್ ಕೂಗುವ ಜನ ನಮ್ಮ ಸೀಮೆ ಬಿಟ್ಟು ಬೇರೆ ಕಡೆ ಇದ್ದಾರೋ ಇಲ್ಲವೋ ನನಗೆ ತಿಳಿಯದು.

ಓನರು ಓಡಿ ಬಂದರು. “ಮೇಷ್ಟ್ರೇ, ಒಸಿ ಗ್ಯಾಪ್ ಕೊಟ್ಬುಡಿ. ಜನ ಬಿಸಿಯಾಗವ್ರೆ. ಟಿವಿ ಸೌಂಡ್ ಕೊಡ್ತೀನಿ. ಅದರ ಸೌಂಡ್ ಸಾಲಾಕಿಲ್ಲ… ನಯಾಜು, ನಿಮ್ ಸ್ಪೀಕರಿಗೆ ಇದರ ವೈರು ಕೊಡಪ್ಪ.”

ನಯಾಜ್ ನನ್ನ ಮುಖ ನೋಡಿದ. ನಾನು ಕೀಬೋರ್ಡಿನ ಕಡೆ ನೋಡಿದೆ. ಅವನು ಬಗ್ಗಿ ಕೆಂಪರಾಜುವಿನ ಮೈಕಿನ ವೈರು ಕಿತ್ತು, ಆ ಜಾಗಕ್ಕೆ ಟಿವಿಯ ವೈರು ಸಿಕ್ಕಿಸಿದ. ನಾದಕಲ್ಪ ವಾದ್ಯವೃಂದದ ಸ್ಪೀಕರಿನಿಂದ ಕಾಮೆಂಟ್ರಿ ಗಂಭೀರವಾಗಿ ಮೊಳಗಿತು. ಆ ಸ್ಪೀಕರಿನಿಂದ ಇಷ್ಟು ಒಳ್ಳೆಯ ಧ್ವನಿ ಎಂದೂ ಬಂದಿರಲಿಲ್ಲವೆಂದು ಸಭಿಕರೆಲ್ಲ ಒಮ್ಮತದಿಂದ ಅಭಿಪ್ರಾಯಪಟ್ಟರು.

ಮುಂದಿನ ಟೇಬಲ್ಲು ಖಾಲಿಯಿತ್ತು. ಬೋರೇಗೌಡರು ಹೊರಗೆ ಪಾರ್ಕಿಂಗಿನ ಹೊಂಗೆ ಮರದ ಕೆಳಗೆ ನಿಂತಿದ್ದರು. ನಾನು ಕುಂಟುತ್ತ ಹೋಗಿ ಪಕ್ಕದಲ್ಲಿ ನಿಂತೆ. ಕುಡುಕರ ಬುದ್ಧಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹುಡುಗ ಎಷ್ಟು ಚೆನ್ನಾಗಿ ಹಾಡಿದ ನೀವೇ ಕೇಳಿದಿರಲ್ಲ, ಎಂದೇನೋ ಶುರು ಮಾಡಿದೆ.

“ಕೇಳ್ನಿಲ್ಲ ಕಣಿ ಮೇಷ್ಟ್ರೆ,” ಅಂದರು ಗೌಡರು.

ನಾನು ಅವರ ಕಡೆ ತಿರುಗಿದೆ.

“ಮೊದಲ್ನೇದು ಕೇಳ್ದೆ. ಆಮ್ಯಾಕೆ ಎಲ್ರೂ ಅದೇನ್ ಅಂಗ್ ನೋಡ್ತವ್ರೆ ಅಂತ ನಾನೂ ಒಂದ್ ಕಿತ ಕಣ್ಣೆತ್ತಿ ನೋಡ್ದೆ. ಅಷ್ಟೇ. ಇಳ್ಸಕ್ಕೆ ಆಗ್ನೇ ಇಲ್ಲ.” ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಒನ್ಸ್ ಮೋರ್ ಅಂದೋನೂ ನಾನೇ.”

“ಅದು ನಿಮ್ಮ ಕಂಠ ಎಂದು ನನಗೆ ಗೊತ್ತಾಯಿತು ಗೌಡರೇ. ನಾವು ಅದನ್ನು…”

“ಮಗ ಕೈ ಮುಗ್ದ್‌ನಲ್ಲ ಮೇಷ್ಟ್ರೆ, ಆವಾಗ್ಲೇ ನನ್ಗೆ ಗೊತ್ತಾಗಿದ್ದು. ಕೂಗ್ದೋನು ಯಾವ್ ಬಾಯಲ್ಲಿ ಅಲ್ಲ ಅನ್ಲಿ?”

ಅಷ್ಟರಲ್ಲಿ ಕೆಂಪರಾಜು ಹೊರಗೆ ಬಂದ. ಜುಬ್ಬ ಬಿಚ್ಚಿ ಕಂಪನಿಯ ಟೀ ಶರ್ಟು ಹಾಕಿಕೊಂಡಿದ್ದ. ಅಪ್ಪನ ಮುಂದೆ ನಿಂತು ಒಂದೇ ಮಾತು ಕೇಳಿದ:

“ಎಂಗ್ ಆಡ್ದೆ ಅಪ್ಪ?”

ಬೋರೇಗೌಡರು ಟವೆಲ್ಲನ್ನು ಕೊಡವಲು ಹೋಗಿ, ಕೊಡವದೆ ಹೆಗಲಿಗೆ ಹಾಕಿಕೊಂಡರು.

“ಸಂದಾಗಿ ಆಡ್ದ ಕಣ್ಲಾ,” ಅಂದರು.

ಬಾಯಿ ತಪ್ಪಿತ್ತು. ಮಗನಿಗೆ ‘ಆಡ್ದೆ’ ಅನ್ನಬೇಕಾಗಿತ್ತು. ‘ಆಡ್ದ’ ಅಂದುಬಿಟ್ಟಿದ್ದರು.

ಕೆಂಪರಾಜು ಅಪ್ಪನನ್ನು ನೋಡಿದ. ಕೋಪದಿಂದಲ್ಲ. “ಊಂ,” ಅಂದ. “ಸಂದಾಗೇ ಆಡ್ತಿದ್ನಂತೆ. ನಾನೇ ಔಟ್ ಮಾಡ್ಸ್‌ದೆ.” ಬೈಕ್ ಸ್ಟಾರ್ಟ್ ಮಾಡಿ, “ಅತ್ತು, ವತ್ತಾಯ್ತದೆ,” ಅಂದ. ಗೌಡರು ಪಂಚೆ ಎತ್ತಿಕಟ್ಟಿಕೊಂಡು ಹಿಂದೆ ಹತ್ತಿ ಕೂತರು. ಇಬ್ಬರೂ ಮಳವಳ್ಳಿ ಕಡೆಗೆ ಹೋದರು. ಒಳಗಿನಿಂದ ಮತ್ತೆ ಕೂಗು ಕೇಳಿಸಿತು. ಯಾರೋ ಇನ್ನೊಬ್ಬ ಚೆನ್ನಾಗಿ ಆಡುತ್ತಿದ್ದನೆಂದು ಕಾಣುತ್ತದೆ.

ಕೆಂಪರಾಜು ಮತ್ತೆ ಬಾರಿಗೆ ಬರಲಿಲ್ಲ. ಜರಿ ಅಂಚಿನ ಜುಬ್ಬ ಹಿಂದಿನ ಮೊಳೆಯಲ್ಲಿ ಬಹಳ ದಿನ ನೇತಾಡಿ, ಕೊನೆಗೆ ಟೇಬಲ್ ಒರೆಸುವ ಬಟ್ಟೆಯಾಯಿತು. ಓನರು ನನಗೂ ನಯಾಜನಿಗೂ ಹೊಸದೊಂದು ವ್ಯವಸ್ಥೆ ಹೇಳಿದರು: ಟಿವಿಯಲ್ಲಿ ಜಾಹೀರಾತು ಬಂದಾಗ ಮಾತ್ರ ನುಡಿಸುವುದು, ಆಟ ಶುರುವಾದ ಕೂಡಲೇ ನಿಲ್ಲಿಸುವುದು. ಕೆಲವು ದಿನ ಹಾಗೂ ಮಾಡಿದೆವು. ಪಲ್ಲವಿ ಮುಗಿಯುವ ಮೊದಲೇ ಓವರು ಶುರುವಾಗುತ್ತಿತ್ತು. ನಾಡಿನ ಸಂಗೀತ ಇತಿಹಾಸದಲ್ಲಿ ಚರಣವೇ ಇಲ್ಲದ ಹಾಡುಗಳನ್ನು ಇಷ್ಟೊಂದು ನುಡಿಸಿದ ವಿದ್ವಾಂಸ ನಾನೊಬ್ಬನೇ ಇರಬೇಕು. ನಂತರ ನಯಾಜ್ ಪೂರ್ತಿಯಾಗಿ ಗ್ಯಾರೇಜಿಗೆ ಹೋದ, ನಾನು ಮನೆಗೆ ಬಂದೆ.

ಲಗ್ನಪತ್ರಿಕೆ ಕೊಡಲು ಬೋರೇಗೌಡರೇ ಬಂದರು. ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಬ್ರಾಕೆಟ್ಟನ್ನು. ಹುಡುಗಿಯ ಹೆಸರಿನ ಪಕ್ಕ ಬಿ.ಎಸ್ಸಿ., ಬಿ.ಎಡ್. ಇತ್ತು. ಕೆಂಪರಾಜುವಿನ ಹೆಸರಿನ ಪಕ್ಕ ‘ಖಾಸಗಿ ಉದ್ಯೋಗ’ ಎಂದಿತ್ತು.

“ನಾ ಗಾಯಕರು ಅಂತ್ಲೇ ಬರೆಸಿ ಬಂದಿದ್ದೆ ಮೇಷ್ಟ್ರೆ. ದಪ್ಪಕ್ಸರದಲ್ಲಿ,” ಅಂದರು ಗೌಡರು. “ಮಾರ್ನೇ ದಿನ ಇವ್ನು ಓಗಿ ತೆಗೆಸ್ಬುಟ್ಟವ್ನೆ. ಯಾಕ್ಲಾ ಅಂದ್ರೆ, ‘ಬುಡಪ್ಪ, ಓದ್ದೋರು ಯಾರ್ಗೆ ಆಡ್ತೀಯ ಅಂತ ಕೇಳಿದ್ರೆ ಏನೇಳಾನ?’ ಅಂದ.”

ಮದುವೆ ಮಳವಳ್ಳಿಯ ಒಂದು ಛತ್ರದಲ್ಲಿ ನಡೆಯಿತು. ಡಿ.ಜೆ. ಸಂಗೀತವಿತ್ತು. ಹೆಣ್ಣಿನ ಕಡೆಯವರು ಯಾರೋ, “ಗಂಡು ಆಡ್ತಾರಂತಲ್ಲ, ಒಂದ್ ಆಡ್ಲಿ,” ಎಂದರು. ಕೆಂಪರಾಜು ಗಂಟಲು ಮುಟ್ಟಿ ತೋರಿಸಿ, ಸರಿಯಿಲ್ಲ ಎಂದು ಕೈಯಾಡಿಸಿದ. ಪಕ್ಕದಲ್ಲಿದ್ದ ಹುಡುಗಿ ಅವನ ಕಡೆ ನೋಡಿ, ತನ್ನ ಹಾರ ಸರಿಮಾಡಿಕೊಂಡಳು.

ನಾನು ಅಕ್ಷತೆ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಹತ್ತಿರ ಬಂದಾಗ ಕೆಂಪರಾಜು ಈ ಕಡೆ ನೋಡಿದ. ನೋಡಿದವನೇ ಮುಖ ಅರಳಿಸಿ ನಕ್ಕ. ಚರಣದ ಆ ಸ್ವರ ಒಡೆಯದೆ ಇಳಿದಾಗ ನಕ್ಕಿದ್ದನಲ್ಲ, ಅದೇ ನಗು. ನಾನು ಮೊದಲು ಮಾಡಿದ ಕೆಲಸವೆಂದರೆ ಹಿಂದೆ ತಿರುಗಿ, ತಲೆ ಎತ್ತಿ, ಗೋಡೆ ನೋಡಿದ್ದು.

ಗೋಡೆಯ ಮೇಲೆ ಏನೂ ಇರಲಿಲ್ಲ. ಬರೀ ಸುಣ್ಣ ಹೊಡೆದ ಗೋಡೆ. ನಾನು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಫೋಟೋದವನು ಅವನನ್ನು ಬೇರೆ ಕಡೆ ನೋಡಲು ಹೇಳಿದ್ದ.